ನಿಮಗಿದು ಗೊತ್ತೇ? ಇಂಟರ್ನೆಟ್ ಇರುವುದು ಕಡಲಿನಡಿ!

ನಿಮ್ಮ ಮೊಬೈಲಿಗೆ ತಂತಿ ಇಲ್ಲ, ಸರಿ. ಹಾಗಂತ ಅಮೆರಿಕದಲ್ಲಿರುವ ಮಗಳ ವಿಡಿಯೋ ಕಾಲ್ ಆಕಾಶದಲ್ಲಿ ತೇಲಿಕೊಂಡು ಬರುತ್ತದೆ ಅಂದುಕೊಂಡಿರಾ? ಇಲ್ಲವೇ ಇಲ್ಲ! ಅದು ಬರುವುದು ಸಮುದ್ರದ ತಳದಲ್ಲಿ ಬಿದ್ದುಕೊಂಡಿರುವ ಕೇಬಲ್ಲಿನೊಳಗಿಂದ. ಖಂಡದಿಂದ ಖಂಡಕ್ಕೆ ಓಡುವ ಡೇಟಾದಲ್ಲಿ ಶೇ. 95ಕ್ಕೂ ಹೆಚ್ಚು ನೀರಿನಡಿಯಲ್ಲೇ ಹೋಗುತ್ತದೆ. ಉಪಗ್ರಹಗಳದ್ದು ಬರೀ ಚಿಲ್ಲರೆ ಪಾಲು!

ಮಹಾಸಾಗರ ದಾಟುವ ಕೇಬಲ್ ಅಂದರೆ ಆನೆಗಾತ್ರ ಇರಬೇಕು, ಅಲ್ಲವೇ? ಆಳ ಕಡಲಲ್ಲಿ ಅದರ ದಪ್ಪ ಸುಮಾರು ಎರಡು ಸೆಂಟಿಮೀಟರ್. ತೋಟಕ್ಕೆ ನೀರು ಬಿಡುವ ಪೈಪಿನಷ್ಟು!

ಅದರಲ್ಲೂ ಬಹುಪಾಲು ಬರೀ ಹೊದಿಕೆ. ಪ್ಲಾಸ್ಟಿಕ್, ಉಕ್ಕಿನ ತಂತಿ, ತಾಮ್ರದ ಕೊಳವೆ. ಎಲ್ಲ ಬಿಚ್ಚುತ್ತಾ ಹೋದರೆ ನಟ್ಟನಡುವೆ ಕೆಲವೇ ಕೆಲವು ಗಾಜಿನ ಎಳೆಗಳು. ಒಂದೊಂದು ಎಳೆಯ ದಪ್ಪ ಮಿಲಿಮೀಟರಿನ ಎಂಟನೇ ಒಂದು ಭಾಗ. ನಿಮ್ಮ ರೀಲ್ಸು, ಬ್ಯಾಂಕಿನ ಲೆಕ್ಕ, ಕಂಪನಿಗಳ ಗುಟ್ಟು ಎಲ್ಲವೂ ಬೆಳಕಾಗಿ ಮಿನುಗುತ್ತಾ ಓಡುವುದು ಆ ಗಾಜಿನೊಳಗೇ!

ಈಗ ಒಂದು ಭೂಪಟ ತೆಗೆಯಿರಿ. ಆಫ್ರಿಕಾದ ಪಶ್ಚಿಮ ದಂಡೆಯಲ್ಲಿ ಅಂಗೋಲಾ ದೇಶ ಕಾಣುತ್ತದೆ. ಎದುರು ದಡದಲ್ಲಿ ಬ್ರೆಜಿಲ್. ನಡುವೆ ಅಟ್ಲಾಂಟಿಕ್ ಒಂದೇ. ಎರಡೂ ಕಡೆ ಆಡುವುದು ಪೋರ್ಚುಗೀಸ್. ಎದುರು ಮನೆಯವರೇ ಅನ್ನಿ. ಆದರೆ 2018ರವರೆಗೆ ಅಂಗೋಲಾದಿಂದ ಬ್ರೆಜಿಲಿಗೆ ಒಂದು ಇಮೇಲ್ ಕಳಿಸಿದರೆ ಅದು ಸಾಮಾನ್ಯವಾಗಿ ಯುರೋಪಿಗೆ ಹತ್ತಿ, ಅಲ್ಲಿಂದ ಅಮೆರಿಕಕ್ಕೆ ಹಾರಿ, ಆಮೇಲೆ ಬ್ರೆಜಿಲಿಗೆ ಇಳಿಯುತ್ತಿತ್ತು. ಎದುರು ಮನೆಗೆ ಹೋಗಲು ಊರೆಲ್ಲ ಸುತ್ತು!

ಆ ಸುತ್ತು ತಪ್ಪಿಸಿದ್ದು ಸೌತ್ ಅಟ್ಲಾಂಟಿಕ್ ಕೇಬಲ್ ಸಿಸ್ಟಮ್. ಚುಟುಕಾಗಿ ಸ್ಯಾಕ್ಸ್. ಅಂಗೋಲಾದ ರಾಜಧಾನಿ ಲುವಾಂಡಾದ ದಕ್ಷಿಣಕ್ಕಿರುವ ಸಂಗಾನೋ ಕಡಲತೀರದಲ್ಲಿ ನೀರಿಗಿಳಿದರೆ ಮತ್ತೆ ತಲೆಯೆತ್ತುವುದು ಬ್ರೆಜಿಲಿನ ಫೋರ್ಟಲೇಜಾ ನಗರದಲ್ಲಿ. ಉದ್ದ ಸುಮಾರು 6,165 ಕಿ.ಮೀ. ಮಾಲೀಕರು ಅಂಗೋಲಾ ಕೇಬಲ್ಸ್, ಕಟ್ಟಿಕೊಟ್ಟವರು ಜಪಾನಿನ ಎನ್‌ಇಸಿ. ಸೇವೆ ಶುರುವಾಗಿದ್ದು 2018ರಲ್ಲಿ. ದಕ್ಷಿಣ ಗೋಳಾರ್ಧದಲ್ಲಿ ಆಫ್ರಿಕಾ ಮತ್ತು ದಕ್ಷಿಣ ಅಮೆರಿಕವನ್ನು ಹೀಗೆ ನೇರವಾಗಿ ಬೆಸೆದದ್ದು ಇದೇ ಮೊದಲು!

ವೇಗದ ವಿಷಯ ಕೇಳಿ. ಮೊದಲು ಲುವಾಂಡಾದಿಂದ ಫೋರ್ಟಲೇಜಾಕ್ಕೆ ಡೇಟಾ ಹೋಗಿ ಬರಲು ಸುಮಾರು 350 ಮಿಲಿಸೆಕೆಂಡ್ ಹಿಡಿಯುತ್ತಿತ್ತು. ಸ್ಯಾಕ್ಸ್ ಬಂದ ಮೇಲೆ ಸುಮಾರು 63! ಇದಕ್ಕಿಂತ ಕಡಿಮೆ ಮಾಡುವುದು ಕಷ್ಟ. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಓಡುವುದೇ ಸುಮಾರು ಎರಡು ಲಕ್ಷ ಕಿ.ಮೀ. ಬೇಕಾದರೆ ನೀವೇ ಭಾಗಿಸಿ ನೋಡಿ, ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ.

ಇದರಲ್ಲಿರುವುದು ಬರೀ ನಾಲ್ಕು ಜೋಡಿ ಗಾಜಿನ ಎಳೆ. ಸಾಮರ್ಥ್ಯ? ಸೆಕೆಂಡಿಗೆ 40 ಟೆರಾಬಿಟ್! 5 ಜಿಬಿಯ ಸಿನಿಮಾಗಳಾದರೆ ಒಂದೇ ಸೆಕೆಂಡಿನಲ್ಲಿ ಒಂದು ಸಾವಿರ. ನೋಡಿ ಮುಗಿಸಲು ನಿಮಗೆ ತಿಂಗಳುಗಳೇ ಬೇಕು!

ಇಷ್ಟೆಲ್ಲ ಆದ ಮೇಲೆ ಒಂದು ತಮಾಷೆ. ಹೊಸ ಕೇಬಲ್ ಬಂದರೆ ಎಲ್ಲರಿಗೂ ಇಂಟರ್ನೆಟ್ ಚುರುಕಾಗಬೇಕು ತಾನೆ? ಸಂಶೋಧಕರು ಅಳೆದು ನೋಡಿದರು. ಆಫ್ರಿಕಾದಿಂದ ಬ್ರೆಜಿಲಿನ ದಾರಿ ಭರ್ಜರಿಯಾಗಿ ಚುರುಕಾಗಿತ್ತು. ಆದರೆ ಏಷ್ಯಾವೂ ಸೇರಿ ಕೆಲವು ಕಡೆಯ ಡೇಟಾ ಮೊದಲಿಗಿಂತ ನಿಧಾನವಾಗಿತ್ತು! ಹೊಸ ರಸ್ತೆ ಕಂಡೊಡನೆ, ಸುತ್ತಾದರೂ ಸರಿ, ಕೆಲವು ಡೇಟಾ ಅದಕ್ಕೇ ನುಗ್ಗುತ್ತಿತ್ತು. ಕಂಪ್ಯೂಟರಿಗೂ ದಾರಿ ತಪ್ಪುತ್ತದೆ ನೋಡಿ!

ಸಾವಿರಾರು ಕಿ.ಮೀ. ಓಡಿದ ಬೆಳಕು ಮಂಕಾಗುವುದಿಲ್ಲವೇ? ಆಗುತ್ತದೆ. ಅದಕ್ಕೇ ಇಂಥ ಉದ್ದದ ಕೇಬಲ್‌ಗಳಲ್ಲಿ ಸಾಮಾನ್ಯವಾಗಿ 60ರಿಂದ 100 ಕಿ.ಮೀ.ಗೊಂದು ರಿಪೀಟರ್ ಇರುತ್ತದೆ. ಇದರೊಳಗಿನ ಗಾಜಿಗೆ ಎರ್ಬಿಯಂ ಎಂಬ ಅಪರೂಪದ ಲೋಹ ಬೆರೆಸಿರುತ್ತಾರೆ. ಮಂಕಾಗಿ ಒಳಹೋದ ಬೆಳಕು ಝಗಮಗಿಸುತ್ತಾ ಹೊರಬರುತ್ತದೆ!

ಕಡಲ ತಳದಲ್ಲಿ ಆ ರಿಪೀಟರಿಗೆ ಕರೆಂಟ್ ಕೊಡುವವರು ಯಾರು? ದಡದವರೇ! ಕೇಬಲ್ಲಿನ ತಾಮ್ರದ ಕೊಳವೆಯಲ್ಲೇ ಸಾವಿರಾರು ವೋಲ್ಟ್ ಹರಿಸುತ್ತಾರೆ. ಉದ್ದದ ಕೇಬಲ್ಲಿಗೆ 10,000 ವೋಲ್ಟ್ ಕೂಡ ಬೇಕಾಗುತ್ತದೆ.

ಇನ್ನೊಂದು ವಿಚಿತ್ರ. ಆಳಕ್ಕೆ ಹೋದಷ್ಟೂ ಕೇಬಲ್ ದಪ್ಪಗಾಗುತ್ತದೆ ಅಂತ ಯಾರಾದರೂ ಹೇಳಿಯಾರು. ಆಗುವುದು ಉಲ್ಟಾ! ದಡದ ಹತ್ತಿರ ಉಕ್ಕಿನ ಕವಚ ತೊಡಿಸಿ, ನೇಗಿಲಿನಂಥ ಯಂತ್ರದಿಂದ ತಳವನ್ನು ಸೀಳಿ ಹೂಳುತ್ತಾರೆ. ನಡುಗಡಲಲ್ಲಿ ಕವಚವೂ ಇಲ್ಲ, ಹೂಳುವುದೂ ಇಲ್ಲ. ಹಾಗೇ ಬಿಟ್ಟುಬಿಡುತ್ತಾರೆ. ಯಾಕೆಂದರೆ ಅಪಾಯ ಇರುವುದು ಆಳದಲ್ಲಲ್ಲ, ಮನುಷ್ಯರಿರುವ ಕಡೆ!

ಶಾರ್ಕ್ ಕಚ್ಚಿ ಕೇಬಲ್ ಹಾಳಾಗುತ್ತದೆ ಎಂಬ ಕಥೆ ನೀವೂ ಕೇಳಿರಬೇಕು. ಶಾರ್ಕ್ ಒಮ್ಮೊಮ್ಮೆ ಕಚ್ಚಿದ್ದು ನಿಜ. 1980ರ ದಶಕದಲ್ಲಿ ಕೆನರಿ ದ್ವೀಪಗಳ ಬಳಿ ಒಂದು ಕೇಬಲ್ಲಿನಲ್ಲಿ ಶಾರ್ಕಿನ ಹಲ್ಲೇ ಸಿಕ್ಕಿತ್ತು! ಆದರೆ ವರ್ಷಕ್ಕೆ ಆಗುವ ನೂರೈವತ್ತು ಇನ್ನೂರು ಹಾನಿಗಳಲ್ಲಿ ಬಹುಪಾಲಿಗೆ ಕಾರಣ ಹಡಗಿನ ಲಂಗರು, ಮೀನುಗಾರಿಕೆಯ ಬಲೆ. ಪಾಪ, ಹೆಸರು ಕೆಟ್ಟಿದ್ದು ಶಾರ್ಕಿಗೆ!

ಕೇಬಲ್ ತುಂಡಾದರೆ ರಿಪೇರಿ ಹೇಗೆ? ಇದು ನನಗಂತೂ ಎಲ್ಲಕ್ಕಿಂತ ಇಷ್ಟವಾದ ಭಾಗ. ಮೊದಲು ದಡದಿಂದ ಬೆಳಕಿನ ಮಿಡಿತ ಬಿಡುತ್ತಾರೆ. ಅದು ಎಷ್ಟು ಹೊತ್ತಿಗೆ ಮರಳಿತು ಎಂದು ನೋಡಿ ತುಂಡಾದ ಜಾಗ ಹಿಡಿಯುತ್ತಾರೆ. ಹಡಗು ಅಲ್ಲಿಗೆ ಹೋಗುತ್ತದೆ. ಆಳ ಕಡಲಾದರೆ ಉದ್ದನೆ ಹಗ್ಗದ ತುದಿಗೆ ದೊಡ್ಡ ಕೊಕ್ಕೆ ಕಟ್ಟಿ ತಳದಲ್ಲಿ ಎಳೆಯುತ್ತಾರೆ. ಹೌದು, ಗಾಳ ಹಾಕುವುದೇ! ಕೇಬಲ್ ಪೂರ್ತಿ ತುಂಡಾಗಿರದಿದ್ದರೆ ತಾವೇ ಕತ್ತರಿಸುತ್ತಾರೆ, ಇಲ್ಲದಿದ್ದರೆ ಅದು ಮೇಲಕ್ಕೆ ಬರುವುದೇ ಇಲ್ಲ. ಒಂದೊಂದೇ ತುದಿ ಎತ್ತಿ, ಹಡಗಿನಲ್ಲೇ ಕೂತು ಗಾಜಿನ ಎಳೆಗೆ ಎಳೆ ಕರಗಿಸಿ ಅಂಟಿಸಿ, ಬೆಸುಗೆಯ ಎಕ್ಸ್‌ರೇ ತೆಗೆದು, ಮತ್ತೆ ನೀರಿಗೆ!

ಈ ಗಾಳದ ಉಪಾಯ ಹೊಸದೇನಲ್ಲ. 1865ರಲ್ಲಿ ಅಟ್ಲಾಂಟಿಕಿನ ನಡುವೆ ಟೆಲಿಗ್ರಾಫ್ ಕೇಬಲ್ ತುಂಡಾಗಿ ಬಿದ್ದು ಕಳೆದುಹೋಯಿತು. ಮರುವರ್ಷ ‘ಗ್ರೇಟ್ ಈಸ್ಟರ್ನ್’ ಹಡಗು ಬಂದು ಕಿಲೋಮೀಟರುಗಟ್ಟಲೆ ಆಳದಿಂದ ಅದನ್ನು ಕೊಕ್ಕೆಯಲ್ಲಿ ಎತ್ತಿ ಜೋಡಿಸಿತು. ಆಗ ಜಿಪಿಎಸ್ ಇರಲಿಲ್ಲ, ಮರೆಯಬೇಡಿ!

ಅದಕ್ಕೂ ಮುಂಚಿನದ್ದು ಇನ್ನೂ ಮಜಾ. 1858ರಲ್ಲಿ ಮೊದಲ ಅಟ್ಲಾಂಟಿಕ್ ಕೇಬಲ್ಲಿನಲ್ಲಿ ವಿಕ್ಟೋರಿಯಾ ರಾಣಿ ಅಮೆರಿಕದ ಅಧ್ಯಕ್ಷ ಬುಕಾನನ್‌ಗೆ ಶುಭಾಶಯ ಕಳಿಸಿದಳು. ಬರೀ 98 ಪದ. ತಲುಪಲು ಹಿಡಿದದ್ದು 16 ಗಂಟೆ! ಆದರೂ ಹಡಗಿನಲ್ಲಿ ಬರುವ ಸುದ್ದಿಗೆ ಹತ್ತು ದಿನ ಕಾಯುತ್ತಿದ್ದವರಿಗೆ ಅದೇ ಪವಾಡ.

ಆ ಖುಷಿಗೆ ನ್ಯೂಯಾರ್ಕಿನಲ್ಲಿ ಪಟಾಕಿ ಹಾರಿಸಿದರು. ಕಿಡಿ ತಾಗಿ ಅಲ್ಲಿನ ಸಿಟಿ ಹಾಲ್‌ನ ಗೋಪುರಕ್ಕೇ ಬೆಂಕಿ ಹತ್ತಿತು! ಉಳಿದ ಕೇಬಲ್ಲನ್ನು ಆಭರಣ ಕಂಪನಿ ಟಿಫಾನಿ ಕೊಂಡು, ತುಂಡು ತುಂಡು ಮಾಡಿ ನೆನಪಿನ ಕಾಣಿಕೆಯೆಂದು ಮಾರಿತು. ಕೇಬಲ್ ಮಾತ್ರ ಕೆಲವೇ ವಾರಗಳಲ್ಲಿ ಸತ್ತುಹೋಯಿತು. ವಿಪರೀತ ವೋಲ್ಟೇಜ್ ಕೊಟ್ಟು ಅದನ್ನು ಇನ್ನಷ್ಟು ಬೇಗ ಕೆಡಿಸಿದ ವಿದ್ಯುತ್ ತಜ್ಞ ಮೂಲತಃ ಒಬ್ಬ ಡಾಕ್ಟರ್!

ನಮ್ಮ ಬೆಂಗಳೂರಿಗೆ ಬರೋಣ. ಐಟಿ ರಾಜಧಾನಿ ನಿಜ, ಆದರೆ ಊರಿಗೆ ಕಡಲೇ ಇಲ್ಲವಲ್ಲ! ಇಲ್ಲಿಂದ ಹೊರದೇಶಕ್ಕೆ ಹೋಗುವ ಡೇಟಾ ಹೆಚ್ಚಾಗಿ ನೆಲದಡಿಯ ಫೈಬರಿನಲ್ಲಿ ಚೆನ್ನೈಗೋ ಮುಂಬೈಗೋ ಹೋಗಿ, ಅಲ್ಲಿನ ಲ್ಯಾಂಡಿಂಗ್ ಸ್ಟೇಷನ್ನಿನಿಂದ ಸಮುದ್ರಕ್ಕೆ ಇಳಿಯುತ್ತದೆ.

ಅಂಡಮಾನಿನವರು 2020ರವರೆಗೆ ಇಂಟರ್ನೆಟ್ಟಿಗೆ ಉಪಗ್ರಹವನ್ನೇ ನೆಚ್ಚಿಕೊಂಡಿದ್ದರು. ಒಂದು ವಿಡಿಯೋ ತೆರೆಯಲು ಕಾದು ಕಾದು ಸಾಕಾಗುತ್ತಿತ್ತು. ಆ ವರ್ಷ ಆಗಸ್ಟಿನಲ್ಲಿ ಚೆನ್ನೈಯಿಂದ ಸುಮಾರು 2,300 ಕಿ.ಮೀ. ಕೇಬಲ್ ಬಂತು. 2024ರ ಜನವರಿಯಲ್ಲಿ ಕೊಚ್ಚಿಯಿಂದ ಲಕ್ಷದ್ವೀಪಕ್ಕೂ!

ಟೋಂಗಾ ದೇಶಕ್ಕೆ ಆದದ್ದು ಇದರ ತಿರುಗುಮುರುಗು. 2022ರ ಜನವರಿಯಲ್ಲಿ ಕಡಲ ಜ್ವಾಲಾಮುಖಿ ಸಿಡಿದು, ಆ ದೇಶವನ್ನು ಹೊರಜಗತ್ತಿಗೆ ಬೆಸೆದಿದ್ದ ಒಂದೇ ಒಂದು ಕೇಬಲ್ ಹರಿದುಹೋಯಿತು. ಸುಮಾರು ಒಂದು ಲಕ್ಷ ಜನ ಜಗತ್ತಿನ ಸಂಪರ್ಕವನ್ನೇ ಕಳೆದುಕೊಂಡರು. ಕೇಬಲ್ ಸರಿಹೋಗಲು ಐದು ವಾರ!

ಕೇಬಲ್ ಹರಿಯುವುದರಿಂದ ವಿಜ್ಞಾನಕ್ಕೆ ಲಾಭವೂ ಆಗಿದೆ, ಗೊತ್ತೇ? 1929ರಲ್ಲಿ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಬಳಿ ಭೂಕಂಪವಾಯಿತು. ಹನ್ನೆರಡು ಕೇಬಲ್ ತುಂಡಾದವು. ಕೆಲವು ಕೂಡಲೇ, ಉಳಿದವು ಗಂಟೆಗಟ್ಟಲೆ ಬಿಟ್ಟು ಒಂದರ ಹಿಂದೊಂದು. ಯಾಕೆ ಹೀಗೆ? 1952ರಲ್ಲಿ ವಿಜ್ಞಾನಿಗಳು ಆ ಸಮಯಗಳನ್ನು ಜೋಡಿಸಿ ನೋಡಿದರು. ಕಡಲ ತಳದಲ್ಲಿ ಕೆಸರಿನ ಪ್ರವಾಹವೊಂದು ಇಳಿಜಾರಿನಲ್ಲಿ ನುಗ್ಗುತ್ತಾ, ದಾರಿಯಲ್ಲಿ ಸಿಕ್ಕ ಕೇಬಲ್ಲನ್ನೆಲ್ಲ ಕಡಿಯುತ್ತಾ ಹೋಗಿತ್ತು!

ಈಗಂತೂ ಕೇಬಲ್ ಹರಿಯುವುದೂ ಬೇಕಿಲ್ಲ. ಅಮೆರಿಕದಿಂದ ಚಿಲಿಗೆ ಹೋಗುವ ಗೂಗಲ್‌ನ ‘ಕ್ಯೂರಿ’ ಕೇಬಲ್ಲಿನ ಬೆಳಕು 2020ರಲ್ಲಿ ಮೆಕ್ಸಿಕೋ ಭೂಕಂಪಕ್ಕೆ ನಡುಗಿದ್ದು ಅಳತೆಗೆ ಸಿಕ್ಕಿತು. ಆರ್ಕ್ಟಿಕ್‌ನ ಸ್ವಾಲ್ಬಾರ್ಡ್ ದ್ವೀಪಗಳ ಬಳಿಯ ಕೇಬಲ್ಲಿನಲ್ಲಿ ವಿಜ್ಞಾನಿಗಳು ತಿಮಿಂಗಿಲಗಳ ಕೂಗನ್ನೇ ಹಿಡಿದಿದ್ದಾರೆ!

ಎಲ್ಲ ಖಂಡಗಳಿಗೂ ಕೇಬಲ್ ತಲುಪಿದೆ, ಒಂದನ್ನು ಬಿಟ್ಟು. ಯಾವುದು ಹೇಳಿ? ಅಂಟಾರ್ಕ್ಟಿಕಾ! ಅಲ್ಲಿರುವ ವಿಜ್ಞಾನಿಗಳಿಗೆ ಈಗಲೂ ಉಪಗ್ರಹವೇ ಗತಿ.

ಕೊನೆಗೊಂದು ಕಳ್ಳತನದ ಕಥೆ. 2007ರಲ್ಲಿ ವಿಯೆಟ್ನಾಮಿನ ಕೆಲವು ಮೀನುಗಾರರು ಗುಜರಿಗೆ ಮಾರುವ ಆಸೆಯಿಂದ ಸಮುದ್ರದಡಿಯ ಕೇಬಲ್ ಕತ್ತರಿಸಿ ಎಳೆದುಕೊಂಡರು. ಯುದ್ಧಕಾಲದ ಹಳೆಯ ತಾಮ್ರದ ಕೇಬಲ್ ತೆಗೆಯಲು ಅಲ್ಲಿ ಮೊದಲು ಅನುಮತಿ ಸಿಕ್ಕಿತ್ತು. ಆದರೆ ಇವರ ಕೈಗೆ ಸಿಕ್ಕಿದ್ದು ಕೆಲಸ ಮಾಡುತ್ತಿದ್ದ ಇಂಟರ್ನೆಟ್ ಕೇಬಲ್ಲು! ಒಂದೆರಡು ಮಾರಲ್ಲ, ಕಿಲೋಮೀಟರುಗಟ್ಟಲೆ!