ಹಬಲ್‌ನ ಮಸುಕು ಕಣ್ಣಿಗೆ ಗಣಿತದ ಕನ್ನಡಕ

1990ರ ಏಪ್ರಿಲ್ 24. ಅಮೆರಿಕದ ಬಾಹ್ಯಾಕಾಶ ಷಟ್ಲ್ ‘ಡಿಸ್ಕವರಿ’ ತನ್ನ ಒಡಲಲ್ಲಿ ಹಬಲ್ ದೂರದರ್ಶಕವನ್ನು ಹೊತ್ತು ಮೇಲೇರಿತು. ವಾತಾವರಣದ ಅಡ್ಡಿ ಆತಂಕಗಳಿಲ್ಲದ ಎತ್ತರದಲ್ಲಿ ನಿಂತು, 2.4 ಮೀಟರ್ ಅಗಲದ ಕನ್ನಡಿಯಿಂದ ವಿಶ್ವವನ್ನು ನೋಡಬೇಕಿದ್ದ ಕಣ್ಣು ಅದು. ಖಗೋಳ ವಿಜ್ಞಾನಿಗಳು ವರ್ಷಗಟ್ಟಲೆ ಕನಸು ಕಂಡಿದ್ದರು.

ಮೇ 20ರಂದು ಮೊದಲ ಚಿತ್ರ ಬಂತು. ಮುಂದಿನ ವಾರಗಳಲ್ಲಿ ಎಷ್ಟು ಹೊಂದಿಸಿದರೂ ಚಿತ್ರ ಸರಿಹೋಗಲಿಲ್ಲ. ಚುಕ್ಕಿಯಂತೆ ಕಾಣಬೇಕಿದ್ದ ಪ್ರತಿ ನಕ್ಷತ್ರದ ಸುತ್ತಲೂ ಮಬ್ಬು ಪ್ರಭೆ. ನಕ್ಷತ್ರದ ಬೆಳಕಿನ ಶೇ 70ರಷ್ಟು ಪುಟ್ಟ ಕೇಂದ್ರದಲ್ಲಿ ಕೂಡಬೇಕಿತ್ತು. ಕೂಡಿದ್ದು ಸುಮಾರು ಶೇ 15 ಮಾತ್ರ. ಜೂನ್ 27ರಂದು ನಾಸಾ ಸಂಸ್ಥೆ ಒಪ್ಪಿಕೊಳ್ಳಬೇಕಾಯಿತು: ದೂರದರ್ಶಕದ ಕನ್ನಡಿಯ ಆಕಾರದಲ್ಲೇ ದೋಷವಿದೆ.

ಎಷ್ಟು ದೋಷ? ಅಂಚಿನಲ್ಲಿ ಸುಮಾರು 2.2 ಮೈಕ್ರೊಮೀಟರ್ ಹೆಚ್ಚು ಚಪ್ಪಟೆ. ತಲೆಗೂದಲಿನ ದಪ್ಪದ ಐವತ್ತನೇ ಒಂದು ಪಾಲು! ಕನ್ನಡಿಯನ್ನು ಉಜ್ಜುವಾಗ ಅದರ ಆಕಾರ ಪರೀಕ್ಷಿಸುವ ಉಪಕರಣದಲ್ಲಿ ಒಂದು ಮಸೂರ 1.3 ಮಿಲಿಮೀಟರ್ ಆಚೀಚೆ ಕುಳಿತಿತ್ತು. ಬೇರೆ ಎರಡು ಸರಳ ಉಪಕರಣಗಳು ‘ಏನೋ ತಪ್ಪಿದೆ’ ಎಂದು ತೋರಿಸಿದ್ದವು. ಅವು ಅಷ್ಟು ನಿಖರವಲ್ಲ ಎಂದು ಬದಿಗೆ ಸರಿಸಲಾಗಿತ್ತು.

ಗಗನಯಾತ್ರಿಗಳು ಹೋಗಿ ರಿಪೇರಿ ಮಾಡಲು 1993ರ ಡಿಸೆಂಬರ್‌ವರೆಗೆ ಕಾಯಬೇಕಿತ್ತು. ಅಲ್ಲಿಯವರೆಗೆ ಕೈಕಟ್ಟಿ ಕೂರುವುದೇ? 1990ರ ಆಗಸ್ಟ್‌ನಲ್ಲಿ ಬಾಲ್ಟಿಮೋರ್ ನಗರದಲ್ಲಿ ತಜ್ಞರು ಸಭೆ ಸೇರಿದರು. ಚರ್ಚೆಯ ವಿಷಯ ಒಂದೇ: ಕನ್ನಡಿ ಮಾಡಿದ ತಪ್ಪನ್ನು ಗಣಿತ ತಿದ್ದೀತೇ?

ಚಿತ್ರವೆಂದರೆ ಅಂಕಿಗಳ ಚಾಪೆ

ಕಂಪ್ಯೂಟರಿನ ಪಾಲಿಗೆ ಚಿತ್ರವೆಂದರೆ ಅಂಕಿಗಳ ದೊಡ್ಡ ಚಾಪೆ. ಚಾಪೆಯ ಒಂದೊಂದು ಮನೆಯೂ ಒಂದು ಚಿತ್ರಬಿಂದು. ಕಪ್ಪಿಗೆ ಸೊನ್ನೆ, ಅಚ್ಚ ಬಿಳಿಗೆ 255, ನಡುವೆ ಬೂದು ಬಣ್ಣದ ಛಾಯೆಗಳು. ಚಿತ್ರ ಎರಡು ಬಗೆಯಲ್ಲಿ ಕೆಡಬಹುದು. ಅಂಕಿಗಳಲ್ಲಿ ಅಲ್ಲಲ್ಲಿ ಏರುಪೇರಾದರೆ ಅದು ‘ಗದ್ದಲ’. ಮಂದ ಬೆಳಕಿನಲ್ಲಿ ತೆಗೆದ ಫೋಟೊದಲ್ಲಿ ಮರಳು ಚೆಲ್ಲಿದಂತೆ ಕಾಣುವುದು ಇದೇ. ಒಂದು ಬಿಂದುವಿನ ಬೆಳಕು ಅಕ್ಕಪಕ್ಕದ ಮನೆಗಳಿಗೂ ಹರಡಿದರೆ ಅದು ‘ಮಸುಕು’. ಹಬಲ್‌ಗೆ ಬಡಿದದ್ದು ಮುಖ್ಯವಾಗಿ ಎರಡನೆಯ ರೋಗ, ಮೊದಲನೆಯದೂ ಜೊತೆಗಿತ್ತು.

ಗದ್ದಲವನ್ನು ಅಡಗಿಸುವ ಸುಲಭದ ದಾರಿ ಸರಾಸರಿ. ಸಾಲಾಗಿ ಐದು ಮನೆಗಳಲ್ಲಿ 52, 50, 49, 120, 51 ಎಂದಿದೆ ಎನ್ನಿ. 120 ಎಂಬುದು ಎಲ್ಲಿಂದಲೋ ಬಂದ ಕಿಡಿ. ಐದರ ಸರಾಸರಿ 64.4. ಕಿಡಿ ತಗ್ಗಿತು, ಆದರೆ ಅಕ್ಕಪಕ್ಕದವರಿಗೂ ಅದರ ಬಿಸಿ ತಟ್ಟಿತು. ಬದಲಿಗೆ ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನದನ್ನು ತೆಗೆದುಕೊಳ್ಳಿ: 49, 50, 51, 52, 120. ನಡುವಿನದು 51. ಕಿಡಿಯ ಸುಳಿವೇ ಇಲ್ಲ! ಹೈಸ್ಕೂಲಿನ ಮಕ್ಕಳು ಸಂಖ್ಯಾಶಾಸ್ತ್ರದ ಪಾಠದಲ್ಲಿ ಕಲಿಯುವ ಮಧ್ಯಾಂಕ ಇದೇ.

ಗೋಡೆಯ ಅಂಚಿನಂಥ ಜಾಗದಲ್ಲಿ 10, 10, 10, 200, 200 ಎಂದಿದ್ದರೆ? ನಡುಮನೆಯ ಸರಾಸರಿ 86 ಆಗಿ ಅಂಚು ಕರಗುತ್ತದೆ. ಮಧ್ಯಾಂಕ 10 ಆಗಿಯೇ ಉಳಿದು ಅಂಚು ಉಳಿಯುತ್ತದೆ. ಗದ್ದಲ ಹೋಗಬೇಕು, ಅಂಚು ಉಳಿಯಬೇಕು. ಚಿತ್ರ ತಿದ್ದುವವರ ದೊಡ್ಡ ತಲೆನೋವು ಇದು. 1992ರಲ್ಲಿ ರೂಡಿನ್, ಆಷರ್ ಮತ್ತು ಫತೇಮಿ ಎಂಬ ಮೂವರು ಕಲನಶಾಸ್ತ್ರದಿಂದ ಇದಕ್ಕೆ ಸೊಗಸಾದ ಉತ್ತರ ಕೊಟ್ಟರು. ಚಿತ್ರದಲ್ಲಿನ ಒಟ್ಟು ಏರಿಳಿತಕ್ಕೆ ದಂಡ ಹಾಕು, ಆದರೆ ಮೂಲದಿಂದ ತೀರಾ ದೂರ ಹೋಗಬೇಡ ಎಂಬುದು ಅವರ ಸೂತ್ರದ ತಿರುಳು. ಪುಟ್ಟ ಪುಟ್ಟ ಏರಿಳಿತಗಳು ಸಮತಟ್ಟಾಗುತ್ತವೆ, ದೊಡ್ಡ ಮೆಟ್ಟಿಲುಗಳು ನಿಲ್ಲುತ್ತವೆ.

ಊಹಿಸು, ಹೋಲಿಸು, ತಿದ್ದು

ಮಸುಕನ್ನು ತೆಗೆಯುವುದು ಇನ್ನೂ ಕಷ್ಟ. ಒಂದು ನಕ್ಷತ್ರದ ಬೆಳಕು ಹೇಗೆ ಹರಡುತ್ತದೆಂದು ಗೊತ್ತಿದ್ದರೆ ಆ ಲೆಕ್ಕವನ್ನು ತಿರುಗುಮುರುಗು ಮಾಡಿದರಾಯಿತಲ್ಲ ಎನಿಸುತ್ತದೆ. ಆದರೆ ಮಸುಕಿನಲ್ಲಿ ಸೂಕ್ಷ್ಮ ವಿವರವೊಂದು ನೂರನೇ ಒಂದು ಪಾಲಿಗೆ ಇಳಿದಿದ್ದರೆ, ಮರಳಿ ಪಡೆಯಲು ಅದನ್ನು ನೂರರಿಂದ ಗುಣಿಸಬೇಕು. ಆಗ ಅಲ್ಲಿ ಸೇರಿಕೊಂಡ ಗದ್ದಲವೂ ನೂರು ಪಟ್ಟು ಬೆಳೆಯುತ್ತದೆ! ಕಳೆಯ ಜೊತೆ ಪೈರು ಕೀಳಬಾರದು ಎನ್ನುತ್ತೇವೆ. ಇಲ್ಲಿ ಪೈರಿನ ಜೊತೆ ಕಳೆಗೂ ಗೊಬ್ಬರ ಬಿದ್ದಂತೆ.

ಹಬಲ್ ತಂಡಗಳ ಕೈಹಿಡಿದ ವಿಧಾನಗಳಲ್ಲಿ ಒಂದು ರಿಚರ್ಡ್‌ಸನ್–ಲೂಸಿ ವಿಧಾನ. 1972ರಲ್ಲಿ ವಿಲಿಯಂ ರಿಚರ್ಡ್‌ಸನ್, 1974ರಲ್ಲಿ ಲಿಯಾನ್ ಲೂಸಿ ಬೇರೆಬೇರೆಯಾಗಿ ಇದನ್ನು ರೂಪಿಸಿದ್ದರು. ಮೊದಲು ನಿಜವಾದ ಆಕಾಶ ಹೀಗಿರಬಹುದೆಂದು ಊಹಿಸಿ. ಆ ಊಹೆಯನ್ನು ಕಂಪ್ಯೂಟರಿನಲ್ಲಿ ಹಬಲ್ ಮಸುಕುಗೊಳಿಸಿದಂತೆಯೇ ಮಸುಕುಗೊಳಿಸಿ. ಬಂದುದನ್ನು ಹಬಲ್ ಕಳಿಸಿದ ಚಿತ್ರದೊಡನೆ ಹೋಲಿಸಿ. ಎಲ್ಲಿ ಕಡಿಮೆಯಾಯಿತೋ ಅಲ್ಲಿ ಊಹೆಯನ್ನು ಹೆಚ್ಚಿಸಿ, ಹೆಚ್ಚಾದಲ್ಲಿ ಇಳಿಸಿ. ಮತ್ತೆ ಮಸುಕುಗೊಳಿಸಿ, ಮತ್ತೆ ಹೋಲಿಸಿ. ಪ್ರತಿ ಸುತ್ತಿನಲ್ಲೂ ಚಿತ್ರ ಸ್ವಲ್ಪ ಸ್ವಲ್ಪ ತಿಳಿಯಾಗುತ್ತದೆ.

ಹಾಗಾದರೆ ಸಾವಿರಾರು ಸುತ್ತು ಓಡಿಸಿದರೆ ಇನ್ನೂ ಚೆನ್ನಲ್ಲವೇ? ಅಲ್ಲ. ಒಂದು ಹಂತ ದಾಟಿದರೆ ಕಂಪ್ಯೂಟರು ಗದ್ದಲವನ್ನೂ ನಿಜವೆಂದು ನಂಬಿ, ಇಲ್ಲದ ಕಡೆ ಚುಕ್ಕಿಗಳನ್ನು ಹುಟ್ಟಿಸುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದೇ ಇಲ್ಲಿನ ವಿವೇಕ.

ಪ್ರಕಾಶಮಾನವಾದ ಗ್ರಹಗಳು, ನಕ್ಷತ್ರಗಳ ಗೊಂಚಲುಗಳು ಗಣಿತದ ನೆರವಿನಿಂದ ಸ್ಫುಟವಾಗಿ ಮೂಡಿದವು. ಆದರೆ ಅತಿ ಮಂದ ಗೆಲಾಕ್ಸಿಗಳ ವಿಷಯದಲ್ಲಿ ಗಣಿತ ಸೋತಿತು. ಹರಡಿಹೋದ ಅವುಗಳ ಬೆಳಕು ಗದ್ದಲದಲ್ಲಿ ಮುಳುಗಿಹೋಗಿತ್ತು; ಇಲ್ಲದ್ದನ್ನು ಯಾವ ಸೂತ್ರವೂ ತರಲಾರದು. 1993ರ ಡಿಸೆಂಬರ್‌ನಲ್ಲಿ ‘ಎಂಡೆವರ್’ ಷಟ್ಲ್‌ನ ಗಗನಯಾತ್ರಿಗಳು ಐದು ಬಾರಿ ಹೊರಬಂದು ಕೆಲಸ ಮಾಡಿ, ದೋಷ ಸರಿದೂಗಿಸುವ ಪುಟ್ಟ ಕನ್ನಡಿಗಳನ್ನು ಜೋಡಿಸಿದ ಮೇಲೆಯೇ ಹಬಲ್‌ಗೆ ಪೂರ್ಣ ದೃಷ್ಟಿ ಬಂದದ್ದು. ಆದರೆ ಆ ಪುಟ್ಟ ಕನ್ನಡಿಗಳ ಆಕಾರ ಎಷ್ಟಿರಬೇಕೆಂದು ನಿರ್ಧರಿಸಲು ನೆರವಾದದ್ದು ಅದೇ ಮಸುಕು ಚಿತ್ರಗಳು! ಮಸುಕಿನ ಆಕಾರದಿಂದಲೇ ದೊಡ್ಡ ಕನ್ನಡಿಯ ತಪ್ಪನ್ನು ಲೆಕ್ಕಹಾಕಿ ತೆಗೆಯಲಾಗಿತ್ತು.

ನೋಡಿ ಕಲಿಯುವ ಯಂತ್ರ

ಈ ವಿಧಾನಗಳಲ್ಲೆಲ್ಲ ನಿಯಮ ಬರೆದವರು ಮನುಷ್ಯರು. 2010ರ ದಶಕದಲ್ಲಿ ದಾರಿ ಬದಲಾಯಿತು. ‘ಡೀಪ್ ಲರ್ನಿಂಗ್’ ಎಂಬ ವಿಧಾನದಲ್ಲಿ ನಿಯಮ ಹೇಳಿಕೊಡುವುದಿಲ್ಲ, ಉದಾಹರಣೆ ತೋರಿಸುತ್ತಾರೆ. ಶುಭ್ರ ಚಿತ್ರಗಳಿಗೆ ಬೇಕೆಂದೇ ಗದ್ದಲ ಬೆರೆಸಿ ‘ಇದನ್ನು ಅದಾಗಿಸು’ ಎಂದು ಕಂಪ್ಯೂಟರಿನ ಮುಂದಿಡುತ್ತಾರೆ. ಅದರೊಳಗಿನ ಲಕ್ಷಾಂತರ ಗುಣಕಗಳು ಪ್ರತಿ ತಪ್ಪಿನ ನಂತರ ತುಸು ತುಸು ಬದಲಾಗುತ್ತ ಕೊನೆಗೆ ಪಳಗುತ್ತವೆ. 2017ರಲ್ಲಿ ಪ್ರಕಟವಾದ ಹೆಸರಾಂತ ವಿಧಾನವೊಂದು ಚಿತ್ರವನ್ನು ಕಲಿಯುವ ಬದಲು ಗದ್ದಲವನ್ನೇ ಕಲಿತು, ಅದನ್ನು ಚಿತ್ರದಿಂದ ಕಳೆಯುತ್ತದೆ. 2018ರಲ್ಲಿ ಇನ್ನೊಂದು ಅಚ್ಚರಿ: ಶುಭ್ರ ಚಿತ್ರ ಇಲ್ಲದೆಯೂ, ಒಂದೇ ದೃಶ್ಯದ ಎರಡೆರಡು ಗದ್ದಲದ ಚಿತ್ರಗಳನ್ನು ತೋರಿಸಿಯೇ ಯಂತ್ರಕ್ಕೆ ಕಲಿಸಬಹುದೆಂದು ತೋರಿಸಲಾಯಿತು. ಗದ್ದಲ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಸಾವಿರಾರು ಉದಾಹರಣೆಗಳಲ್ಲಿ ಅದು ಪರಸ್ಪರ ಕಳೆದುಹೋಗುತ್ತದೆ. ಮತ್ತೆ ನಮ್ಮ ಹಳೆಯ ಸರಾಸರಿಯೇ!

ಇಂದು ಮೊಬೈಲ್ ಫೋನು ರಾತ್ರಿಯಲ್ಲೂ ಚೊಕ್ಕ ಫೋಟೊ ತೆಗೆಯುವುದರ ಹಿಂದೆ ಈ ಬಗೆಯ ಲೆಕ್ಕಗಳಿವೆ. ಎಂಆರ್‌ಐ ಯಂತ್ರದಲ್ಲಿ ರೋಗಿ ಮಲಗಬೇಕಾದ ಹೊತ್ತನ್ನು ತಗ್ಗಿಸಲೂ ಇವು ನೆರವಾಗುತ್ತಿವೆ.

ಇಲ್ಲದ್ದನ್ನು ಕಂಡರೆ?

ಆದರೆ ಹೆಚ್ಚು ಕಲಿತ ಯಂತ್ರ ಹೆಚ್ಚು ಊಹಿಸುತ್ತದೆ. 2020ರಲ್ಲಿ ‘ಪಲ್ಸ್’ ಎಂಬ ಕಂಪ್ಯೂಟರ್ ಕ್ರಮವಿಧಿ ಸುದ್ದಿಯಾಯಿತು. ಚೌಕಚೌಕವಾಗಿ ಕಾಣುವ ಮಸುಕು ಮುಖದಿಂದ ಸ್ಪಷ್ಟ ಮುಖ ರಚಿಸುವುದು ಅದರ ಕೆಲಸ. ಯಾರೋ ಅದಕ್ಕೆ ಅಮೆರಿಕದ ಮಾಜಿ ಅಧ್ಯಕ್ಷ ಬರಾಕ್ ಒಬಾಮ ಅವರ ಮಸುಕು ಚಿತ್ರ ಕೊಟ್ಟರು. ಹೊರಬಂದದ್ದು ಬಿಳಿಯನೊಬ್ಬನ ಮುಖ! ಚಿತ್ರ ಅಂದವಾಗಿತ್ತು, ಚೊಕ್ಕವಾಗಿತ್ತು, ಆದರೆ ಸುಳ್ಳಾಗಿತ್ತು. ಇದು ಕಲ್ಪಿತ ಮುಖಗಳನ್ನು ರಚಿಸುತ್ತದೆಯೇ ಹೊರತು ಗುರುತು ಹಿಡಿಯಲು ಬಳಸುವಂಥದ್ದಲ್ಲ ಎಂದು ಅದನ್ನು ರೂಪಿಸಿದವರೇ ಹೇಳಿದರು. ಅದು ಒಂದು ಮುಖದ ಮಾತು. ಎಂಆರ್‌ಐ ಚಿತ್ರದಲ್ಲಿ ಇದ್ದ ಕಲೆ ಅಳಿಸಿಹೋದರೆ, ಇಲ್ಲದ ಗಡ್ಡೆ ಮೂಡಿದರೆ? ನ್ಯಾಯಾಲಯದಲ್ಲಿ ಇಂಥ ಮುಖವೇ ಸಾಕ್ಷಿಯಾದರೆ?

ಎಚ್ಚರಿಕೆ ಹೇಗಿರಬೇಕೆಂಬುದಕ್ಕೆ ಒಳ್ಳೆಯ ಮಾದರಿಯೂ ಇದೆ. 2019ರ ಏಪ್ರಿಲ್ 10ರಂದು ಪ್ರಕಟವಾದ ಕಪ್ಪುಕುಳಿಯ ಮೊದಲ ಚಿತ್ರ ನೆನಪಿರಬಹುದು. ಎಂ87 ಗೆಲಾಕ್ಸಿ ಸುಮಾರು ಐದೂವರೆ ಕೋಟಿ ಜ್ಯೋತಿರ್ವರ್ಷ ದೂರ. ಎಂಟು ರೇಡಿಯೊ ದೂರದರ್ಶಕಗಳು 2017ರಲ್ಲಿ ಸಂಗ್ರಹಿಸಿದ ಅರೆಬರೆ ಮಾಹಿತಿಯಿಂದ ಚಿತ್ರ ಕಟ್ಟಬೇಕಿತ್ತು. ವಿಜ್ಞಾನಿಗಳು ನಾಲ್ಕು ತಂಡಗಳಾಗಿ, ಒಬ್ಬರಿಗೊಬ್ಬರು ಸುಳಿವು ಕೊಡದೆ ಕೆಲಸ ಮಾಡಿದರು. ನಾಲ್ವರಿಗೂ ಉಂಗುರವೇ ಕಂಡಿತು. ಅಷ್ಟಕ್ಕೇ ನಂಬಲಿಲ್ಲ. ನಡುವೆ ತೂತಿಲ್ಲದ ಬಿಲ್ಲೆಯಂಥ ಕೃತಕ ಮಾದರಿಗಳನ್ನು ತಮ್ಮ ವಿಧಾನಗಳಿಗೆ ಒಡ್ಡಿ, ಅಲ್ಲಿಯೂ ಉಂಗುರ ಹುಟ್ಟುವುದಿಲ್ಲವೆಂದು ಖಚಿತಪಡಿಸಿಕೊಂಡರು. ಹಬಲ್ ಕನ್ನಡಿಯ ಪರೀಕ್ಷೆಯಲ್ಲಿ ಎರಡನೆಯ ಅಳತೆಯ ಮಾತನ್ನು ಕಡೆಗಣಿಸಿದ್ದಕ್ಕೆ ತೆತ್ತ ಬೆಲೆಯನ್ನು ನೆನೆದರೆ ಈ ಶ್ರಮದ ಅರ್ಥ ತಿಳಿಯುತ್ತದೆ.

ಮನೆಯಲ್ಲೇ ಮಾಡಿ ನೋಡಿ

‘ಮ್ಯಾಟ್ರಿಕ್ಸ್ ಕಲಿತು ಏನು ಮಾಡಬೇಕು?’ ಎಂದು ಮಕ್ಕಳು ಗೊಣಗುವುದುಂಟು. ಚಿತ್ರ ಎಂಬುದೇ ಒಂದು ಮ್ಯಾಟ್ರಿಕ್ಸ್. ಅಂಚು ಹುಡುಕಲು ಅವಕಲನ, ಗದ್ದಲ ಅಳೆಯಲು ಸಂಭವನೀಯತೆ. ಪಿಯುಸಿ ಪುಸ್ತಕದ ಮೂರು ಅಧ್ಯಾಯಗಳು ಇಲ್ಲಿ ಒಂದಾಗುತ್ತವೆ. ಈ ವಿಷಯಕ್ಕೆ ಬರಲು ದುಬಾರಿ ಕೋರ್ಸೇ ಬೇಕೆಂದಿಲ್ಲ ಎಂಬುದನ್ನು ತಂದೆತಾಯಿಯರು ಗಮನಿಸಬೇಕು.

ಕುತೂಹಲವಿದ್ದವರು ಒಂದು ಪ್ರಯೋಗ ಮಾಡಬಹುದು. ಮಂದ ಬೆಳಕಿನ ಕೋಣೆಯಲ್ಲಿ ಫೋನನ್ನು ಅಲುಗಾಡದಂತೆ ನಿಲ್ಲಿಸಿ, ಒಂದೇ ವಸ್ತುವಿನ 16 ಫೋಟೊ ತೆಗೆಯಿರಿ. ‘ಇಮೇಜ್‌ಜೆ’ಯಂಥ ಉಚಿತ ತಂತ್ರಾಂಶದಲ್ಲಿ ಅವುಗಳ ಸರಾಸರಿ ಮಾಡಿ. ಎಲ್ಲ ಫೋಟೊಗಳಲ್ಲೂ ಗದ್ದಲ ಬೇರೆಬೇರೆಯಾಗಿದ್ದರೆ ಅದು 16ರ ವರ್ಗಮೂಲದಷ್ಟು, ಅಂದರೆ ನಾಲ್ಕು ಪಟ್ಟು ತಗ್ಗಬೇಕು. ಬಳಿಕ ಎರಡು ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟು ಮನೆಮಂದಿಯೆಲ್ಲ ನೋಡಿ. ತಿಳಿಯಾದ ಚಿತ್ರದಲ್ಲಿ ಕಾಣುವ ಪ್ರತಿ ಗೆರೆಯೂ ಮೂಲದಲ್ಲಿ ಇತ್ತೇ ಎಂದು ಕೇಳಿಕೊಳ್ಳಲು ಮಾತ್ರ ಮರೆಯಬೇಡಿ.