ಪಟ್ಟೆದಾರರಿಗೆ ಒಂದು ಪುಟ

ಶಾಲೆಯ ಹೆಂಚು ಸೋರ್ತಾ ಇದೆ. ಊರಲ್ಲೇ ಒಂದು ಕುಟುಂಬ ಟ್ರಸ್ಟ್ ಇದೆ. ದುಡ್ಡು ಕೇಳೋದು ಹೇಗೆ?

ಕೊಡಗಿನಲ್ಲಿ ಕುಟುಂಬ ಅಂದ್ರೆ ಅಪ್ಪ, ಅಮ್ಮ, ಇಬ್ಬರು ಮಕ್ಕಳಲ್ಲ. ಪೂರ್ವಜರ ಮೂಲಮನೆಯಾದ ಐನ್‌ಮನೆಗೆ ಸೇರಿದ ಇಡೀ ಒಕ್ಕ. ಇವರ ತಾಕತ್ತು ಗೊತ್ತಾಗ್ಬೇಕಾ? 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬ ಶುರುಮಾಡಿದ ಕೌಟುಂಬಿಕ ಹಾಕಿ ಪಂದ್ಯಾವಳಿ, 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬದ ಆತಿಥ್ಯದಲ್ಲಿ 360 ತಂಡಗಳನ್ನು ಕಂಡಿತು. ಒಂದೊಂದು ಸಲ ಒಂದೊಂದು ಕುಟುಂಬ ಹೊರುವ ಹೊಣೆ ಅದು.

ಹಾಗಾಗಿ ಒಬ್ಬರನ್ನು ಒಪ್ಪಿಸಿದ್ರೆ ಸಾಲದು. ಒಕ್ಕದ ಮುಖ್ಯಸ್ಥರಾದ ಪಟ್ಟೆದಾರರು ಹೂಂ ಅಂದರೂ, ಬೆಂಗಳೂರಲ್ಲಿರೋ ಇನ್ನೊಬ್ಬ ಟ್ರಸ್ಟಿ ಲೆಕ್ಕ ಕೇಳಿಯೇ ಕೇಳ್ತಾರೆ.

ಮೊದಲು ಟ್ರಸ್ಟಿನ ಉದ್ದೇಶ ವಿಚಾರಿಸಿ. ವಿದ್ಯಾರ್ಥಿವೇತನಕ್ಕೆಂದೇ ಇಟ್ಟ ಹಣ ಹೆಂಚಿಗೆ ಬರಲ್ಲ.

ಅರ್ಜಿ ಒಂದೇ ಪುಟ. ‘ಸರ್ವತೋಮುಖ ಅಭಿವೃದ್ಧಿ’ ಎಲ್ಲ ಬೇಡ, ಅದನ್ನ ಓದಿ ಓದಿ ಅವರಿಗೂ ಸಾಕಾಗಿರುತ್ತೆ. ಮೂರನೇ ಕ್ಲಾಸಿನ ಬೆಂಚಿನ ಮೇಲೆ ಬಕೆಟ್ ಇಟ್ಟಿದ್ದೀರಲ್ಲ, ಅದರ ಫೋಟೊ ಹಾಕಿ. ಹೆಂಚೆಷ್ಟು, ರೀಪರೆಷ್ಟು, ಬಡಗಿ ಕೂಲಿ ಎಷ್ಟು, ಅಂಗಡಿ ಕೊಟೇಶನ್ ಸಮೇತ ಬರೀರಿ. ಊರವರು ಹಾಕೋದೆಷ್ಟು ಅನ್ನೋದನ್ನೂ. ಶ್ರಮದಾನವಾದ್ರೂ ಸರಿ.

ಜೊತೆಗೆ ನೋಂದಣಿ ಪತ್ರ, ಪ್ಯಾನ್, ಆಡಿಟ್ ಆದ ಲೆಕ್ಕ, ಶಾಲಾ ಸಮಿತಿ ಹೆಸರಿನ ಬ್ಯಾಂಕ್ ಖಾತೆ. ಅಧ್ಯಕ್ಷರ ಸ್ವಂತ ಖಾತೆ ಖಂಡಿತ ಬೇಡ.

ಯಾವಾಗ ಕೊಡೋದು? ಸುಗ್ಗಿ ಹಬ್ಬ ಹುತ್ತರಿಗೆ ಒಕ್ಕದವರೆಲ್ಲ ಐನ್‌ಮನೆಯಲ್ಲಿ ಸೇರ್ತಾರೆ; ಅದಕ್ಕೂ ಮುಂಚೆ ಪತ್ರ ತಲುಪಿರಲಿ. ಜೂನ್ ಮಳೆಗೆ ಮೊದಲು ಹೆಂಚು ಏರಬೇಕಲ್ಲ!

ಕೆಲಸ ಮುಗೀತಾ? ಬಿಲ್ಲುಗಳ ಜೊತೆ, ಮೊದಲ ಜೋರು ಮಳೆ ದಿನ ಅದೇ ಬೆಂಚಿನ ಇನ್ನೊಂದು ಫೋಟೊ ಕಳಿಸಿ. ಬಕೆಟ್ ಇಲ್ಲದ್ದು.