ಡ್ಯೂಕನ ತೋಟ, ಜನರ ಬೆಟ್ಟ

ಇಂಗ್ಲೆಂಡ್ ಪ್ರವಾಸ ಎಂದಾಕ್ಷಣ ನಮ್ಮವರ ಕಣ್ಣ ಮುಂದೆ ಬಂದು ನಿಲ್ಲುವುದು ಲಂಡನ್ ನಗರ. ಥೇಮ್ಸ್ ನದಿ, ಬಿಗ್ ಬೆನ್ ಗಡಿಯಾರ, ಅರಮನೆಯ ಮುಂದಿನ ಪಹರೆ. ಇಷ್ಟನ್ನು ನೋಡಿ, ಫೋಟೋ ತೆಗೆಸಿಕೊಂಡು ಬಂದರೆ ಇಂಗ್ಲೆಂಡ್ ನೋಡಿದಂತಾಯಿತು ಎಂದುಕೊಳ್ಳುವವರೇ ಹೆಚ್ಚು. ಆದರೆ ಆ ದೇಶದ ನಿಜವಾದ ಚೆಲುವು ಇರುವುದು ಅದರ ಹಳ್ಳಿಗಾಡಿನಲ್ಲಿ. ಅದರಲ್ಲೂ ದೇಶದ ನಡುಭಾಗದಲ್ಲಿ, ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ಎಂಬ ಎರಡು ಕೈಗಾರಿಕಾ ನಗರಗಳ ಮಧ್ಯೆ ಹರಡಿಕೊಂಡಿರುವ ಪೀಕ್ ಡಿಸ್ಟ್ರಿಕ್ಟ್ ಎಂಬ ಗುಡ್ಡಗಾಡು ವಿದ್ಯಾರ್ಥಿಗಳಿಗಂತೂ ತೆರೆದ ಪಠ್ಯಪುಸ್ತಕವೇ ಸರಿ. ಭೂಗೋಳ, ಭೌತಶಾಸ್ತ್ರ, ಸಸ್ಯಶಾಸ್ತ್ರ, ಇತಿಹಾಸ, ಪೌರನೀತಿ ಎಲ್ಲವೂ ಇಲ್ಲಿ ಒಂದೇ ಕಡೆ ಸಿಗುತ್ತವೆ.

ಸುಮಾರು 1,438 ಚದರ ಕಿ.ಮೀ. ವಿಸ್ತಾರದ ಈ ಪ್ರದೇಶ 1951ರಲ್ಲಿ ಬ್ರಿಟನ್ನಿನ ಮೊಟ್ಟಮೊದಲ ರಾಷ್ಟ್ರೀಯ ಉದ್ಯಾನವಾಯಿತು. ರಾಷ್ಟ್ರೀಯ ಉದ್ಯಾನ ಎಂದರೆ ನಾವು ಹುಲಿ, ಆನೆಗಳಿರುವ ದಟ್ಟ ಕಾಡನ್ನು ಕಲ್ಪಿಸಿಕೊಳ್ಳುತ್ತೇವೆ. ಅಲ್ಲಿ ಹಾಗಲ್ಲ. ಹಳ್ಳಿಗಳು, ಹೊಲಗಳು, ಕುರಿಮಂದೆಗಳು, ಕಲ್ಲಿನ ಗೋಡೆಗಳು ಎಲ್ಲವೂ ಉದ್ಯಾನದ ಒಳಗೇ ಇವೆ. ಬಹುಪಾಲು ನೆಲ ಸರಕಾರದ್ದೂ ಅಲ್ಲ, ಖಾಸಗಿಯವರದು. ಹಾಗಾದರೆ ಅಲ್ಲಿ ನಡೆದಾಡುವ ಹಕ್ಕು ಯಾರಿಗೆ? ಈ ಪ್ರಶ್ನೆಗೆ ಉತ್ತರ ಸಿಗಲು ಇಂಗ್ಲೆಂಡಿನ ಸಾಮಾನ್ಯ ಜನ ಬಹಳ ಕಾಲ ಕಾಯಬೇಕಾಯಿತು. ಅದನ್ನು ತಿಳಿಯಬೇಕಾದರೆ ಇಲ್ಲಿನ ಎರಡು ಸ್ಥಳಗಳನ್ನು ನೋಡಬೇಕು. ಒಂದು ಚಾಟ್ಸ್‌ವರ್ತ್ ಎಂಬ ಡ್ಯೂಕನ ತೋಟ, ಇನ್ನೊಂದು ಕಿಂಡರ್ ಸ್ಕೌಟ್ ಎಂಬ ಬೋಳು ಬೆಟ್ಟ. ಎರಡರ ನಡುವಿನ ನೇರ ದೂರ ಮೂವತ್ತು ಕಿ.ಮೀ. ಕೂಡ ಇಲ್ಲ.

ಬಿಳಿ ಕಲ್ಲು, ಕಪ್ಪು ಕಲ್ಲು

ಮೊದಲು ನೆಲದ ಕಥೆ. ಪೀಕ್ ಪ್ರದೇಶದಲ್ಲಿ ಎರಡು ಭಾಗಗಳುಂಟು. ದಕ್ಷಿಣದ್ದು ‘ವೈಟ್ ಪೀಕ್’, ಅಂದರೆ ಸುಣ್ಣಕಲ್ಲಿನ ನಾಡು. ಉತ್ತರದ್ದು ‘ಡಾರ್ಕ್ ಪೀಕ್’, ಗಡಸು ಮರಳುಗಲ್ಲಿನ ನಾಡು. ಸುಮಾರು 33 ಕೋಟಿ ವರ್ಷಗಳಿಗೂ ಹಿಂದೆ ಇಂದಿನ ಇಂಗ್ಲೆಂಡಿನ ಈ ಭೂಭಾಗ ಭೂಮಧ್ಯರೇಖೆಯ ಸಮೀಪದಲ್ಲಿತ್ತು. ಬೆಚ್ಚಗಿನ, ಆಳವಿಲ್ಲದ ಸಮುದ್ರ ಅದನ್ನು ಆವರಿಸಿತ್ತು. ಹವಳ, ಚಿಪ್ಪು ಮುಂತಾದ ಜೀವಿಗಳ ಅವಶೇಷಗಳು ತಳದಲ್ಲಿ ಪದರ ಪದರವಾಗಿ ಕೂತು ಸುಣ್ಣಕಲ್ಲಾದವು. ಆಮೇಲೆ ಉತ್ತರದಿಂದ ಹರಿದುಬಂದ ದೊಡ್ಡ ನದಿಗಳು ಮರಳು, ಕೆಸರನ್ನು ತಂದು ಸುರಿದು ಮುಖಜ ಭೂಮಿಯನ್ನು ರಚಿಸಿದವು. ಅದು ಗಟ್ಟಿಯಾಗಿ ಮರಳುಗಲ್ಲಾಯಿತು. ಹಿಂದೆ ಬೀಸುವ ಕಲ್ಲುಗಳನ್ನು ಇದರಿಂದಲೇ ಕಡಿಯುತ್ತಿದ್ದುದರಿಂದ ಇದಕ್ಕೆ ‘ಮಿಲ್‌ಸ್ಟೋನ್ ಗ್ರಿಟ್’ ಎಂಬ ಹೆಸರು ಬಂತು.

ಕ್ಯಾಸಲ್‌ಟನ್ ಎಂಬ ಹಳ್ಳಿಯಲ್ಲಿ ನಿಂತರೆ ಎರಡೂ ನಾಡುಗಳನ್ನು ಒಟ್ಟಿಗೆ ಕಾಣಬಹುದು. ಮಳೆನೀರು ಗಾಳಿ ಮತ್ತು ಮಣ್ಣಿನಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ದುರ್ಬಲ ಆಮ್ಲವಾಗುತ್ತದೆ. ಆ ಆಮ್ಲ ಸುಣ್ಣಕಲ್ಲನ್ನು ಕರಗಿಸುತ್ತ ಹೋಗುತ್ತದೆ. ಹತ್ತನೇ ತರಗತಿಯ ಹುಡುಗರಿಗೂ ಗೊತ್ತಿರುವ ಈ ಸರಳ ಕ್ರಿಯೆ ಹಳ್ಳಿಯ ಸುತ್ತ ದೊಡ್ಡ ದೊಡ್ಡ ಗುಹೆಗಳನ್ನೇ ಕೊರೆದಿದೆ. ಅವುಗಳಲ್ಲಿ ಒಂದಾದ ಪೀಕ್ ಕ್ಯಾವರ್ನಿನ ವಿಶಾಲ ಬಾಯಲ್ಲಿ ಶತಮಾನಗಳ ಕಾಲ ಹಗ್ಗ ಹೊಸೆಯುವವರು ಕೆಲಸ ಮಾಡುತ್ತಿದ್ದರು. ನೀಲಿ, ಹಳದಿ ಪಟ್ಟೆಗಳಿರುವ ‘ಬ್ಲೂ ಜಾನ್’ ಎಂಬ ಅಲಂಕಾರದ ಕಲ್ಲು ಸಿಗುವುದೂ ಇಲ್ಲಿಯೇ.

ಹಳ್ಳಿಯ ನೆತ್ತಿಯ ಮೇಲೆ 517 ಮೀಟರ್ ಎತ್ತರದ ಮ್ಯಾಮ್ ಟಾರ್ ಎಂಬ ಗುಡ್ಡವಿದೆ. ಜನ ಇದನ್ನು ‘ನಡುಗುವ ಬೆಟ್ಟ’ ಎನ್ನುತ್ತಾರೆ. ಮೇಲೆ ಮರಳುಗಲ್ಲಿನ ಭಾರ, ಕೆಳಗೆ ನೀರು ಕುಡಿದು ಮೆತ್ತಗಾಗುವ ಜೇಡಿಪದರ. ಹೀಗಾಗಿ ನಾಲ್ಕು ಸಾವಿರ ವರ್ಷಗಳಷ್ಟು ಹಿಂದೆ ಶುರುವಾದ ಕುಸಿತ ಇನ್ನೂ ನಿಂತಿಲ್ಲ. ಅದರ ಬುಡದಲ್ಲಿ ಹಾದುಹೋಗುತ್ತಿದ್ದ ಹೆದ್ದಾರಿಯನ್ನು ಎಷ್ಟು ಸಲ ರಿಪೇರಿ ಮಾಡಿದರೂ ಬಿರುಕು ಬಿಡುತ್ತಲೇ ಇತ್ತು. ಕೊನೆಗೆ 1979ರಲ್ಲಿ ಎಂಜಿನಿಯರುಗಳು ಸೋಲೊಪ್ಪಿಕೊಂಡು ವಾಹನ ಸಂಚಾರವನ್ನೇ ನಿಲ್ಲಿಸಿದರು. ಒಂದರ ಮೇಲೊಂದು ಹಾಕಿದ ಡಾಂಬರಿನ ಪದರಗಳು ಹರಿದು ತೂಗುತ್ತಿರುವ ಆ ರಸ್ತೆಯ ಮೇಲೆ ಈಗ ಕಾಲ್ನಡಿಗೆಯವರು ಮಾತ್ರ ಓಡಾಡುತ್ತಾರೆ. ಭೂಕುಸಿತ ಎಂದರೇನು ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ.

ಚಿತ್ರ ಬರೆದಂತಹ ತೋಟ

ಮ್ಯಾಮ್ ಟಾರ್ ಪ್ರಕೃತಿಯ ಹಟಕ್ಕೆ ಸಾಕ್ಷಿಯಾದರೆ, ಚಾಟ್ಸ್‌ವರ್ತ್ ಮನುಷ್ಯನ ಹಟಕ್ಕೆ ಸಾಕ್ಷಿ. ಡರ್ವೆಂಟ್ ನದಿಯ ದಡದಲ್ಲಿ ಡೆವನ್‌ಶೈರಿನ ಡ್ಯೂಕರ ಭವ್ಯ ಮನೆ, ಅದರ ಸುತ್ತ ಸುಮಾರು ಸಾವಿರ ಎಕರೆಯ ಹಸಿರು. ನದಿ ನಿಧಾನವಾಗಿ ಬಳುಕುತ್ತದೆ, ದಿಣ್ಣೆಗಳ ಮೇಲೆ ಅಲ್ಲಲ್ಲಿ ಮರಗಳ ಗುಂಪು, ನಡುವೆ ಮೇಯುವ ಜಿಂಕೆ, ಕುರಿಗಳು. ನೋಡಿದವರು ‘ಎಂಥ ಸಹಜ ಸೌಂದರ್ಯ’ ಎಂದು ಉದ್ಗರಿಸುತ್ತಾರೆ. ಆದರೆ ಇದರಲ್ಲಿ ಸಹಜವಾದದ್ದು ಬಹಳ ಕಡಿಮೆ!

18ನೇ ಶತಮಾನದ ನಡುವಿನಲ್ಲಿ ನಾಲ್ಕನೇ ಡ್ಯೂಕ್ ಈ ನೆಲವನ್ನು ಲ್ಯಾನ್ಸಲಾಟ್ ಬ್ರೌನ್ (1716–1783) ಎಂಬ ಉದ್ಯಾನಶಿಲ್ಪಿಯ ಕೈಗೆ ಒಪ್ಪಿಸಿದ. ಯಾವ ಜಮೀನನ್ನು ನೋಡಿದರೂ ‘ಇದರಲ್ಲಿ ಸಾಮರ್ಥ್ಯವಿದೆ’ ಎನ್ನುತ್ತಿದ್ದನಾದ್ದರಿಂದ ಆತನಿಗೆ ‘ಕೇಪಬಿಲಿಟಿ’ ಬ್ರೌನ್ ಎಂಬ ಅಡ್ಡಹೆಸರು ಬಿತ್ತು. ಇಂಗ್ಲೆಂಡಿನಾದ್ಯಂತ ಆತ ರೂಪಿಸಿದ ಉದ್ಯಾನಗಳು ನೂರೈವತ್ತಕ್ಕೂ ಹೆಚ್ಚು. ಗೆರೆ ಎಳೆದಂತಹ ಹಳೆಯ ಹೂಪಾತಿಗಳನ್ನು ಅಳಿಸಿಹಾಕಿ, ನೆಲವನ್ನು ಏರಿಳಿಸಿ, ನದಿಯ ಹರಿವನ್ನೇ ತಿದ್ದಿ, ಮನುಷ್ಯನ ಕೈ ಆಡಿದ್ದು ಗೊತ್ತೇ ಆಗದಂತೆ ಮಾಡುವುದು ಬ್ರೌನನ ಜಾಣ್ಮೆ. ‘ಹಾ-ಹಾ’ ಎಂಬ ತಮಾಷೆಯ ಹೆಸರಿನ ಉಪಾಯವೊಂದನ್ನು ಆ ಕಾಲದ ಉದ್ಯಾನಗಳಲ್ಲಿ ಬಳಸುತ್ತಿದ್ದರು. ತಗ್ಗಾದ ಕಂದಕ ತೋಡಿ, ಅದರ ಒಂದು ಮಗ್ಗುಲಿಗೆ ಗೋಡೆ ಕಟ್ಟುವುದು. ಮನೆಯ ಕಿಟಕಿಯಿಂದ ನೋಡುವವರಿಗೆ ಬೇಲಿಯೇ ಕಾಣದು; ದನಕರುಗಳು ಮಾತ್ರ ಇತ್ತ ದಾಟಲಾರವು.

ನೋಟಕ್ಕೆ ಅಡ್ಡಬಂದದ್ದು ದನಕರು ಮಾತ್ರವಲ್ಲ. ಪಕ್ಕದಲ್ಲೇ ಎಡೆನ್ಸರ್ ಎಂಬ ಹಳ್ಳಿಯಿತ್ತು (ಬರೆಯುವುದು ಹೀಗೆ, ಜನ ಕರೆಯುವುದು ಎನ್ಸರ್ ಎಂದು). ದೊಡ್ಡ ಮನೆಯಿಂದ ಕಾಣುತ್ತಿದ್ದ ಅದರ ಮನೆಗಳನ್ನು ಕೆಡವಿಸಿ, ಕಣ್ಣಿಗೆ ಬೀಳದ ಹಾಗೆ ದಿಣ್ಣೆಯ ಮರೆಯಲ್ಲಿ ಹೊಸ ಹಳ್ಳಿಯನ್ನು ಕಟ್ಟಿಸಲಾಯಿತು. 1840ರ ಹೊತ್ತಿಗೆ ರೂಪುಗೊಂಡ ಹೊಸ ಎಡೆನ್ಸರ್ ಗೊಂಬೆಮನೆಗಳ ಸಾಲಿನಂತೆ ಸುಂದರವಾಗಿದೆ, ನಿಜ. ಆದರೆ ಹಳೆಯ ಹಳ್ಳಿಯ ಒಂದು ಮನೆ ಮಾತ್ರ ಇಂದಿಗೂ ಹುಲ್ಲುಗಾವಲಿನ ನಡುವೆ ಒಂಟಿಯಾಗಿ ನಿಂತಿದೆ. ಪ್ರವಾಸಿಗಳು ಅದನ್ನು ಗಮನಿಸದೆ ಮುಂದೆ ಹೋಗಬಾರದು.

ತೋಟಗಾರನ ವಿಜ್ಞಾನ

ಚಾಟ್ಸ್‌ವರ್ತ್ ಪ್ರಸಿದ್ಧವಾಗಲು ಇನ್ನೊಂದು ಕಾರಣ ಜೋಸೆಫ್ ಪ್ಯಾಕ್ಸ್‌ಟನ್. 1803ರಲ್ಲಿ ಬಡ ರೈತ ಕುಟುಂಬದಲ್ಲಿ ಹುಟ್ಟಿದ ಈತ 1826ರಲ್ಲಿ ಇಲ್ಲಿನ ಮುಖ್ಯ ತೋಟಗಾರನಾಗಿ ಬಂದ. 1844ರಲ್ಲಿ ರಷ್ಯಾದ ಚಕ್ರವರ್ತಿ ಭೇಟಿ ಕೊಡಬಹುದೆಂಬ ನಿರೀಕ್ಷೆಯಲ್ಲಿ ಆರನೇ ಡ್ಯೂಕ್ ಭಾರಿ ಕಾರಂಜಿಯೊಂದನ್ನು ಬಯಸಿದ. ಪ್ಯಾಕ್ಸ್‌ಟನ್ ಪಂಪಿನ ಗೋಜಿಗೇ ಹೋಗಲಿಲ್ಲ. ಮನೆಗಿಂತ ನೂರು ಮೀಟರಿಗೂ ಎತ್ತರದ ಬೆಟ್ಟದ ಮೇಲೆ ಎಂಟು ಎಕರೆಯ ಕೆರೆ ತೋಡಿಸಿ, ಕೊಳವೆಯಲ್ಲಿ ನೀರು ಇಳಿಸಿದ. ಪ್ರತಿ ಹತ್ತು ಮೀಟರ್ ಆಳಕ್ಕೆ ನೀರಿನ ಒತ್ತಡ ಸುಮಾರು ಒಂದು ವಾಯುಭಾರದಷ್ಟು ಏರುತ್ತದೆ. ಹೀಗೆ ಕೆಳಗೆ ಬರುವಷ್ಟರಲ್ಲಿ ಹತ್ತು ಪಟ್ಟು ಒತ್ತಡ. ಕಾರಂಜಿ ಸುಮಾರು 90 ಮೀಟರ್ ಎತ್ತರ ಚಿಮ್ಮಿದ ದಾಖಲೆಯುಂಟು. ಕೆರೆಯ ಮಟ್ಟಕ್ಕೆ ಅದು ಏಕೆ ತಲುಪಲಿಲ್ಲ ಎಂಬುದು ವಿದ್ಯಾರ್ಥಿಗಳು ಯೋಚಿಸಬೇಕಾದ ಪ್ರಶ್ನೆ. ಕೊಳವೆಯ ಘರ್ಷಣೆ, ಗಾಳಿಯ ತಡೆ ಎರಡೂ ಶಕ್ತಿಯ ಪಾಲನ್ನು ಕಸಿದುಕೊಳ್ಳುತ್ತವೆ. ಅಂದಹಾಗೆ, ಚಕ್ರವರ್ತಿ ಬರಲೇ ಇಲ್ಲ!

1830ರ ದಶಕದಲ್ಲಿ ಮಾರಿಷಸ್‌ನಿಂದ ಬಂದ ಬಾಳೆಗಿಡವೊಂದನ್ನು ಪ್ಯಾಕ್ಸ್‌ಟನ್ ಗಾಜಿನ ಮನೆಯಲ್ಲಿ ಬೆಳೆಸಿ ಗೊನೆ ತೆಗೆದ. ಅದಕ್ಕೆ ಡ್ಯೂಕನ ಮನೆತನದ ಹೆಸರನ್ನೇ ಇಟ್ಟ: ಕ್ಯಾವೆಂಡಿಷ್. ಆ ತಳಿ ಹುಟ್ಟಿದ್ದು ಏಷ್ಯಾದಲ್ಲಿ, ಹೆಸರು ಮಾತ್ರ ಡರ್ಬಿಶೈರಿನದು. ನಮ್ಮ ಮಾರುಕಟ್ಟೆಯ ಪಚ್ಚಬಾಳೆ, ನಮ್ಮ ರೈತರು ಬೆಳೆಯುವ ಜಿ-9 ಬಾಳೆ ಎಲ್ಲವೂ ಈ ಕ್ಯಾವೆಂಡಿಷ್ ಗುಂಪಿಗೇ ಸೇರಿದವು. ಭಾರತದ ಖಾಸಿ ಬೆಟ್ಟಗಳಿಂದ ಆರ್ಕಿಡ್ ಗಿಡಗಳನ್ನು ತರಲು ಜಾನ್ ಗಿಬ್ಸನ್ ಎಂಬ ತೋಟಗಾರನನ್ನು 1835ರಲ್ಲಿ ಕಳಿಸಿದ್ದೂ ಇಲ್ಲಿಂದಲೇ.

1849ರಲ್ಲಿ ಅಮೆಜಾನಿನ ದೈತ್ಯ ತಾವರೆ ಇಲ್ಲಿ ಅರಳಿತು. ಪ್ಯಾಕ್ಸ್‌ಟನ್ ತನ್ನ ಪುಟ್ಟ ಮಗಳನ್ನು ಅದರ ಎಲೆಯ ಮೇಲೆ ನಿಲ್ಲಿಸಿದ. ಎಲೆ ಮುಳುಗಲಿಲ್ಲ. ಎಲೆಯ ಅಡಿಯಲ್ಲಿ ಬಲೆಯಂತೆ ಹೆಣೆದುಕೊಂಡ ಗಟ್ಟಿ ನರಗಳು ಭಾರವನ್ನು ಹಂಚಿಕೊಳ್ಳುವ ಬಗೆ ಆತನ ಕಣ್ಣಿಗೆ ಬಿತ್ತು. ಕಬ್ಬಿಣ ಮತ್ತು ಗಾಜಿನಲ್ಲಿ ಕಟ್ಟುವವನಿಗೆ ಅದು ದೊಡ್ಡ ಪಾಠವಾಯಿತು. 1851ರ ಲಂಡನ್ ಮಹಾ ವಸ್ತುಪ್ರದರ್ಶನಕ್ಕೆ ಆತ ರೂಪಿಸಿದ ಕ್ರಿಸ್ಟಲ್ ಪ್ಯಾಲೇಸ್ ಜಗತ್ಪ್ರಸಿದ್ಧವಾಯಿತು. ಅದರಿಂದ ಪ್ರೇರಣೆ ಪಡೆದದ್ದೇ 1889ರಲ್ಲಿ ಶಂಕುಸ್ಥಾಪನೆಯಾದ ನಮ್ಮ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ 1936ರಲ್ಲಿ ಬೆಂಕಿಗೆ ಆಹುತಿಯಾಯಿತು. ಚಾಟ್ಸ್‌ವರ್ತಿನ ದೊಡ್ಡ ಗಾಜಿನ ಮನೆಯನ್ನು 1920ರಲ್ಲಿ ಕೆಡವಿದರು. ಲಾಲ್‌ಬಾಗಿನದು ಮಾತ್ರ ಗಟ್ಟಿಯಾಗಿ ನಿಂತಿದೆ.

ಬೇಲಿ ದಾಟಿದ ಭಾನುವಾರ

ಈಗ ಉತ್ತರಕ್ಕೆ ತಿರುಗೋಣ. ಕಿಂಡರ್ ಸ್ಕೌಟ್ 636 ಮೀಟರ್ ಎತ್ತರವಿದ್ದು, ಪೀಕ್ ಪ್ರದೇಶದ ಅತ್ಯುನ್ನತ ಜಾಗ. ತುದಿಯಲ್ಲಿ ಶಿಖರವಿಲ್ಲ, ಗಾಳಿ ಬೀಸುವ, ಕಪ್ಪು ಜೌಗಿನ, ಮೈಲುಗಟ್ಟಲೆ ಹಬ್ಬಿದ ಬಯಲು. ಆಗಸ್ಟ್ ತಿಂಗಳಲ್ಲಿ ಹೀದರ್ ಎಂಬ ಕುರುಚಲು ಗಿಡ ಹೂಬಿಟ್ಟು ಇಡೀ ಬೆಟ್ಟಕ್ಕೆ ನೇರಳೆ ಬಣ್ಣ ಬಳಿಯುತ್ತದೆ.

ಸುತ್ತಲ ಹಳ್ಳಿಗರು ಹಿಂದೆ ದನಕುರಿ ಮೇಯಿಸುತ್ತಿದ್ದ ಇಂಥ ಬೆಟ್ಟಗಳಿಗೆ 19ನೇ ಶತಮಾನದಲ್ಲಿ ಬೇಲಿ ಬಿತ್ತು. ಜಮೀನ್ದಾರರು ಗ್ರೌಸ್ ಎಂಬ ಹಕ್ಕಿಯ ಬೇಟೆಗಾಗಿ ಅವನ್ನು ಮೀಸಲಿಟ್ಟುಕೊಂಡರು. ವರ್ಷದಲ್ಲಿ ಕೆಲವೇ ದಿನ ನಡೆಯುವ ಬೇಟೆಗಾಗಿ ವರ್ಷವಿಡೀ ಕಾವಲು! ಅತ್ತ ಮ್ಯಾಂಚೆಸ್ಟರಿನ ಗಿರಣಿಗಳಲ್ಲಿ, ಕಾರ್ಖಾನೆಗಳಲ್ಲಿ ವಾರವಿಡೀ ಹೊಗೆ ಕುಡಿದು ದುಡಿಯುವ ಯುವಕ ಯುವತಿಯರಿಗೆ ಇದ್ದದ್ದು ಒಂದು ಭಾನುವಾರ. ಕಣ್ಣಿಗೆ ಕಾಣುವ ಬೆಟ್ಟ ಕಾಲಿಗೆ ಸಿಗದು.

1932ರ ಏಪ್ರಿಲ್ 24ರ ಭಾನುವಾರ ಬೆನ್ನಿ ರಾತ್‌ಮನ್ ಎಂಬ ಇಪ್ಪತ್ತು ವರ್ಷದ ಯುವಕನ ಮುಂದಾಳುತನದಲ್ಲಿ ಸುಮಾರು ನಾನೂರು ಜನ ಹೇಫೀಲ್ಡ್ ಎಂಬ ಊರಿನಿಂದ ಹೊರಟು, ಎಲ್ಲರೆದುರೇ ಬೆಟ್ಟ ಹತ್ತಿದರು. ದಾರಿಯಲ್ಲಿ ಕಾವಲುಗಾರರ ಜೊತೆ ತಳ್ಳಾಟವಾಯಿತು. ಆರು ಮಂದಿಯನ್ನು ಪೊಲೀಸರು ಹಿಡಿದರು. ಅವರಲ್ಲಿ ಐವರಿಗೆ ಎರಡರಿಂದ ಆರು ತಿಂಗಳವರೆಗೆ ಜೈಲುಶಿಕ್ಷೆಯಾಯಿತು. ಬೆಟ್ಟದ ಮೇಲೆ ನಡೆದುಹೋದದ್ದಕ್ಕೆ ಇಷ್ಟು ಶಿಕ್ಷೆಯೇ ಎಂದು ದೇಶವೇ ಕೇಳತೊಡಗಿತು.

ಕೂಗು ವ್ಯರ್ಥವಾಗಲಿಲ್ಲ. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯಿದೆ ಬಂತು. 1951ರಲ್ಲಿ ಮೊದಲ ಉದ್ಯಾನದ ಪಟ್ಟ ಈ ಪ್ರದೇಶಕ್ಕೇ ಸಿಕ್ಕಿತು. 1965ರ ಏಪ್ರಿಲ್ 24ರಂದು ಪೆನೈನ್ ವೇ ಎಂಬ ಸುಮಾರು 430 ಕಿ.ಮೀ. ಉದ್ದದ ಕಾಲುದಾರಿ ತೆರೆಯಿತು. ಅದು ಆರಂಭವಾಗುವುದು ಕಿಂಡರ್ ಬುಡದ ಈಡೇಲ್ ಹಳ್ಳಿಯಿಂದ. ಆದರೂ ದಾರಿ ಬಿಟ್ಟು ಬೆಟ್ಟದ ಮೇಲೆ ಸ್ವಚ್ಛಂದವಾಗಿ ನಡೆಯುವ ಹಕ್ಕು ಶಾಸನವಾದದ್ದು 2000ದಲ್ಲಿ, ಅಂದರೆ ಆ ಭಾನುವಾರದಿಂದ ಅರವತ್ತೆಂಟು ವರ್ಷಗಳ ಬಳಿಕ. ಅದೂ ಇಂಗ್ಲೆಂಡಿನ ಶೇ. 8ರಷ್ಟು ನೆಲಕ್ಕೆ ಮಾತ್ರ.

ಕಿಂಡರ್ ಬೆಟ್ಟದ ಒಡೆಯರಲ್ಲಿ ಒಬ್ಬ ಅಂದಿನ ಡೆವನ್‌ಶೈರಿನ ಡ್ಯೂಕ್, ಅಂದರೆ ಚಾಟ್ಸ್‌ವರ್ತಿನ ಯಜಮಾನ. 2002ರಲ್ಲಿ, ಆ ಘಟನೆಯ ಎಪ್ಪತ್ತನೇ ವರ್ಷದ ಸ್ಮರಣೆಗೆ ಜನ ಸೇರಿದಾಗ ಆತನ ಮೊಮ್ಮಗ, ಹನ್ನೊಂದನೇ ಡ್ಯೂಕ್, ಸ್ವತಃ ಬಂದು ತನ್ನ ಅಜ್ಜ ಮಾಡಿದ್ದು ತಪ್ಪೆಂದು ಬಹಿರಂಗವಾಗಿ ಕ್ಷಮೆ ಕೇಳಿದರು. ತೋಟಕ್ಕೂ ಬೆಟ್ಟಕ್ಕೂ ನಡುವೆ ಇದ್ದ ಹಳೆಯ ಲೆಕ್ಕ ಅಂದು ಚುಕ್ತಾ ಆಯಿತೆನ್ನಬಹುದು.

ಹಕ್ಕು ಸಿಕ್ಕ ಮೇಲೆ

ಹಕ್ಕಿನ ಜೊತೆಗೆ ಹೊಣೆಯೂ ಬರುತ್ತದೆ. ಕಿಂಡರ್ ಮೇಲಿನ ಕಪ್ಪು ಮಣ್ಣಿಗೆ ಪೀಟ್ ಎನ್ನುತ್ತಾರೆ. ಸ್ಫ್ಯಾಗ್ನಮ್ ಎಂಬ ಹಾವಸೆ ನೀರಿನಲ್ಲಿ ನೆನೆದು, ಪೂರ್ತಿ ಕೊಳೆಯದೆ ಶೇಖರವಾಗಿ ಆಗುವ ಮಣ್ಣಿದು. ವರ್ಷಕ್ಕೆ ಬೆಳೆಯುವುದು ಸರಾಸರಿ ಒಂದು ಮಿಲಿಮೀಟರ್ ಅಷ್ಟೇ. ಅಂದರೆ ಒಂದು ಮೀಟರ್ ದಪ್ಪಕ್ಕೆ ಸಾವಿರ ವರ್ಷ! ವಾತಾವರಣಕ್ಕೆ ಸೇರಬೇಕಾಗಿದ್ದ ಅಪಾರ ಇಂಗಾಲವನ್ನು ಅದು ಹಿಡಿದಿಟ್ಟುಕೊಂಡಿದೆ. ಗಿರಣಿಗಳ ಹೊಗೆಯಲ್ಲಿದ್ದ ಗಂಧಕದ ಆಮ್ಲ ಮಳೆಯಾಗಿ ಸುರಿದು ಈ ಹಾವಸೆಯನ್ನು ಸಾಯಿಸಿತು. ಬೆಂಕಿ, ಮಿತಿಮೀರಿದ ಕುರಿಮೇವು, ಲಕ್ಷಾಂತರ ಪಾದಗಳು ಸೇರಿ ಮಣ್ಣು ಬರಿದಾಗಿ ಕೊಚ್ಚಿಹೋಗತೊಡಗಿತು. 2003ರಿಂದ ಇಲ್ಲಿ ದೊಡ್ಡ ಪ್ರಮಾಣದ ದುರಸ್ತಿ ನಡೆದಿದೆ. ಆಮ್ಲ ತಗ್ಗಿಸಲು ಸುಣ್ಣ ಚೆಲ್ಲಿ, ಹುಲ್ಲು ಬಿತ್ತಿ, ಕೊರಕಲುಗಳಿಗೆ ಕಲ್ಲಿನ ತಡೆ ಕಟ್ಟಿ, ಹಾವಸೆಯನ್ನು ಮತ್ತೆ ನೆಡುತ್ತಿದ್ದಾರೆ.

ಮ್ಯಾಂಚೆಸ್ಟರ್, ಶೆಫೀಲ್ಡ್ ವಿಶ್ವವಿದ್ಯಾಲಯಗಳಿಗೆ ಓದಲು ಹೋಗುವ ನಮ್ಮ ಮಕ್ಕಳಿಗೆ, ಅವರನ್ನು ನೋಡಲು ಹೋಗುವ ತಂದೆತಾಯಂದಿರಿಗೆ ಈಡೇಲ್ ದೂರವಲ್ಲ. ಎರಡೂ ನಗರಗಳಿಂದ ರೈಲು ಉಂಟು. ಚಾಟ್ಸ್‌ವರ್ತಿನ ಮನೆಗೂ ಅದಕ್ಕೆ ಸೇರಿದ ತೋಟಕ್ಕೂ ಟಿಕೆಟ್ ಬೇಕು. ಹೊರಗಿನ ಉದ್ಯಾನದ ಕಾಲುದಾರಿಗಳಲ್ಲಿ ನಡೆಯಲು ಬೇಡ. ಬೆಟ್ಟ ಹತ್ತುವವರು ಬೇಸಿಗೆಯಲ್ಲೂ ಮಳೆಯಂಗಿ, ಗಟ್ಟಿ ಬೂಟು, ನಕ್ಷೆ ಮರೆಯಬಾರದು. ಅಲ್ಲಿ ಮಂಜು ಕವಿಯಲು ಹತ್ತು ನಿಮಿಷ ಸಾಕು.

ಜೌಗಿನ ಮೇಲೆ ಪೆನೈನ್ ವೇ ಹಾದುಹೋಗುವ ಕಡೆ ಅಗಲವಾದ ಕಲ್ಲುಚಪ್ಪಡಿಗಳನ್ನು ಹಾಸಿದ್ದಾರೆ. ನಡೆಯುವವರ ಕಾಲು ಮಣ್ಣನ್ನು ತುಳಿಯದಿರಲಿ ಎಂದು. ಅವುಗಳಲ್ಲಿ ಬಹಳಷ್ಟು, ಮುಚ್ಚಿಹೋದ ಹತ್ತಿ ಗಿರಣಿಗಳ ನೆಲದಿಂದ ಕಿತ್ತು ತಂದವು. ಯಾವ ಗಿರಣಿಗಳ ಹೊಗೆ ಈ ಬೆಟ್ಟವನ್ನು ಸುಟ್ಟಿತೋ, ಯಾವ ಗಿರಣಿಗಳ ಕೆಲಸಗಾರರು ಈ ಬೆಟ್ಟಕ್ಕಾಗಿ ಜೈಲಿಗೆ ಹೋದರೋ, ಅವೇ ಗಿರಣಿಗಳ ಕಲ್ಲು ಇಂದು ಬೆಟ್ಟವನ್ನು ಕಾಯುತ್ತಿದೆ. ಅಲ್ಲಿಗೆ ಹೋಗುವ ನಮ್ಮ ವಿದ್ಯಾರ್ಥಿಗಳು ಆ ಕಲ್ಲಿನ ಮೇಲೆಯೇ ಹೆಜ್ಜೆ ಇಟ್ಟು ನಡೆಯಲಿ.